ಸುಣ್ಣ ಬಳಿದ ಮಾವಿನ ಮರಗಳು

ನನ್ನ ಹೆಂಡತಿಯ ತಮ್ಮನಿಗೆ ಮಾವಿನ ತೋಟದ ಹುಚ್ಚು ಹಿಡಿದದ್ದು, ಅವನ ಸಾಫ್ಟ್‌ವೇರ್ ಕಂಪನಿಯ ಮೇಲಧಿಕಾರಿಯೊಬ್ಬ ತೋಟ ಕೊಂಡ ಮೇಲೆ. ಅದಕ್ಕೂ ಮೊದಲು ಮಿಯಾಪುರದ ತನ್ನ ಫ್ಲಾಟಿನ ಬಾಲ್ಕನಿಯಲ್ಲಿ ಒಂದು ತುಳಸಿ ಗಿಡವನ್ನೂ ಅವನು ಉಳಿಸಿಕೊಂಡವನಲ್ಲ.

"ಸಸಿ ನೆಟ್ಟು ಕಾಯೋರು ಯಾರ್ರಿ ಮಾಮಾ? ಬೆಳೆದ ತೋಟಾನ ತೊಗೊಂಡ್ರ ಮುಗೀತು. ಮೊದಲ್ನೇ ವರ್ಷಾನ ಹಣ್ಣು," ಎಂದ.

ತೋಟಗಾರಿಕೆ ಇಲಾಖೆಯಲ್ಲಿ ಮರ ನೋಡಿ ನೋಡಿಯೇ ನಿವೃತ್ತನಾದ ನನ್ನನ್ನು ಒಂದು ಭಾನುವಾರ ಹೊಸ ಕಾರಿನ ಹಿಂದಿನ ಸೀಟಿಗೆ ಹತ್ತಿಸಿಕೊಂಡ. ಮುಂದಿನ ಸೀಟಿನಲ್ಲಿ ದಲ್ಲಾಳಿ ಕೂತಿದ್ದ.

ತೋಟ ಶಂಶಾಬಾದಿನ ಆಚೆಗೆ. ವಿಮಾನ ನಿಲ್ದಾಣದ ಕೆಲಸ ಆಗಿನ್ನೂ ನಡೆದಿತ್ತು. ಲಾರಿಗಳ ಧೂಳು ಎಲೆಗಳ ಮೇಲೆ ಕೂತಿತ್ತು. ಎಲ್ಲವೂ ಬಂಗನಪಲ್ಲಿ ಮರಗಳು. ಕಾಂಡಗಳಿಗೆ ಎದೆಯೆತ್ತರ ಹೊಸ ಸುಣ್ಣ ಬಳಿದಿದ್ದರು. ನನ್ನ ಮೈದುನ ಒಂದು ಮರವನ್ನು ತಬ್ಬಿಕೊಂಡು ಫೋಟೊ ತೆಗೆಸಿಕೊಂಡ. ಮೊಬೈಲ್ ಸಿಗ್ನಲ್ ಬರುತ್ತದೆಯೇ ಎಂದು ಕೇಳಿದ. ಈಜುಕೊಳ ಎಲ್ಲಿ ತೋಡಿಸಬಹುದು ಎಂದು ಕೇಳಿದ. ಮರಗಳ ವಯಸ್ಸು ಕೇಳಬೇಕೆಂದು ಅವನಿಗೆ ಹೊಳೆಯಲೇ ಇಲ್ಲ.

ನಾನು ಒಂದು ಕಾಂಡವನ್ನು ಬೆರಳಿನಿಂದ ತಟ್ಟಿದೆ. ಟೊಳ್ಳು ಸದ್ದು. ಉಗುರಿನಿಂದ ಸುಣ್ಣ ಕೆರೆದೆ. ಮಣ್ಣು ಮೆತ್ತಿ ಮುಚ್ಚಿದ ತೂತಿನಿಂದ ಹಿಟ್ಟಿನಂಥ ಪುಡಿ ಉದುರಿತು. ತೋಟ ಕಾಯುವ ಹೆಂಗಸು ಯಾದಗಿರಿ ಕಡೆಯವಳು, ಗಂಡನೊಂದಿಗೆ ಅಲ್ಲೇ ತಗಡಿನ ಶೆಡ್ಡಿನಲ್ಲಿದ್ದಳು. ನನ್ನ ಕನ್ನಡ ಕೇಳಿ ಹತ್ತಿರ ಬಂದು ಪಿಸುಗುಟ್ಟಿದಳು: "ಒಳಗ ಹುಳಾ ತಿಂದಾವ್ರಿ ಸಾಹೇಬ್ರ. ನಿನ್ನಿ ಇಡೀ ದಿನಾ ನಮ್ಮ ಕೈಲೇ ಸುಣ್ಣಾ ಹಚ್ಚಿಸ್ಯಾರ. ನಾ ಅಂದೀನಂತ ಹೇಳಬ್ಯಾಡ್ರಿ."

ನಾನು ಮೈದುನನನ್ನು ಪಕ್ಕಕ್ಕೆ ಕರೆದೆ. "ಕಾಂಡ ಕೊರೆಯೋ ಹುಳಾ ಬಿದ್ದಾವ. ಅರ್ಧಕ್ಕರ್ಧ ಮರಾ ಹೋಗ್ಯಾವ."

"ಮಾಮಾ, ನೀವು ಗೌರ್ಮೆಂಟ್ ಮಂದಿ. ಎಲ್ಲಾದ್ರಾಗೂ ತಕರಾರು ತೆಗೀತೀರಿ. ಅದಕ್ಕ ನೀವು ಇದ್ದಲ್ಲೇ ಉಳದ್ರಿ."

ಕನ್ನಡ ಬಾರದ ದಲ್ಲಾಳಿಯೂ ನಕ್ಕ. ಮೈದುನನ ಕೈ ಹಿಡಿದು ಎಳೆದೊಯ್ದು ಆ ತೂತು ತೋರಿಸಬಹುದಿತ್ತು. ತೋರಿಸಲಿಲ್ಲ. ಕೊಳ್ಳಲಿ, ಅನುಭವಿಸಲಿ ಎಂದುಕೊಂಡೆ. ಕಾರಿನಲ್ಲಿ ವಾಪಸ್ಸು ಬರುವಾಗ ನನಗೆ ಒಳಗೊಳಗೇ ಖುಷಿಯೂ ಆಗುತ್ತಿತ್ತು.

ತೋಟ ಕೊಂಡ ಅವನು ಮರುವರ್ಷದ ಬೇಸಿಗೆಯಲ್ಲಿ ಆಫೀಸಿನವರನ್ನೆಲ್ಲ ಹಣ್ಣು ಕೀಳಲು ಕರೆದ. ಟೋಪಿ, ಕಪ್ಪು ಕನ್ನಡಕ ಹಾಕಿಕೊಂಡು ಬಂದರು. ಒಂದು ಬುಟ್ಟಿಯೂ ತುಂಬಲಿಲ್ಲ. ಅವನ ಮೇಲಧಿಕಾರಿ ಮರಕ್ಕೆ ಕಟ್ಟಿಸಿದ್ದ ಉಯ್ಯಾಲೆಯಲ್ಲಿ ಕೂತದ್ದೇ ಕೊಂಬೆ ಲಟಕ್ಕನೆ ಮುರಿದು, ಆ ದಪ್ಪ ಮನುಷ್ಯ ನೆಲಕ್ಕೆ ಬಿದ್ದ. ಮುರಿದ ಕಡೆ ಬೆರಳು ಗಾತ್ರದ ಬಿಳಿ ಹುಳುಗಳು ಹೊರಳಾಡುತ್ತಿದ್ದವು. ಹೆಂಗಸರು ಚೀರಿದರು. ಅರ್ಧ ಗಂಟೆಯಲ್ಲಿ ಎಲ್ಲರೂ ಬಿರಿಯಾನಿ ತಿನ್ನಲು ಹೆದ್ದಾರಿಯ ಹೋಟೆಲಿಗೆ ಹೊರಟುಹೋದರು.

ಮೈದುನ ನೇರವಾಗಿ ಶೆಡ್ಡಿನ ಕಡೆ ನಡೆದ. "ನೀರು ಬಿಡಲಾರ್ದ ಮರಾ ಕೊಂದೀರಿ! ಇವತ್ತ ಜಾಗಾ ಖಾಲಿ ಮಾಡ್ರಿ."

ಆ ಹೆಂಗಸು ನನ್ನ ಮುಖ ನೋಡಿದಳು.

"ಅವರದೇನೂ ತಪ್ಪಿಲ್ಲ," ಎಂದೆ. "ನೀ ತೊಗೊಳ್ಳೋಕಿಂತ ಮೊದಲ ಹುಳಾ ಇದ್ದವು. ನಾ ಹೇಳಿದ್ದೆ."

"ಹಂಗಾರ ಗಟ್ಟಿಯಾಗಿ ಹೇಳಬೇಕಿತ್ತಿಲ್ರಿ?"

ಅವನ ಬಾಯಿಂದ ನಾನು ಕೇಳಿದ ಒಂದೇ ಒಂದು ಸರಿಯಾದ ಮಾತು ಅದು. ಗಂಡ ಹೆಂಡತಿ ಪಾತ್ರೆ ಪಗಡ ಗಂಟು ಕಟ್ಟಿದರು. ಅವರೊಂದಿಗೆ ನಾನೂ ಬಸ್ಸು ಹತ್ತಿ, ಹಳೆಯ ಸಹೋದ್ಯೋಗಿಯೊಬ್ಬರ ನರ್ಸರಿಯಲ್ಲಿ ಇಬ್ಬರಿಗೂ ಕೆಲಸ ಕೊಡಿಸಿ ಬಂದೆ. ಬಸ್ಸಿನಲ್ಲಿ ನಾನು ಟಿಕೆಟ್ಟಿಗೆ ಚಾಚಿದ ದುಡ್ಡನ್ನು ಅವಳು ಪಕ್ಕಕ್ಕೆ ಸರಿಸಿ, ಸೆರಗಿನ ಗಂಟು ಬಿಚ್ಚಿ ತಾನೇ ಕೊಟ್ಟಿದ್ದಳು.

ಮೈದುನ ಮರಗಳನ್ನು ಕಡಿಸಿದ. ಅಷ್ಟರಲ್ಲಿ ವಿಮಾನ ನಿಲ್ದಾಣ ಶುರುವಾಯಿತು. ಅವನ ತೋಟ ಪ್ಲಾಟುಗಳಾಗಿ, ಕೊಂಡದ್ದಕ್ಕಿಂತ ಎಷ್ಟೋ ಪಟ್ಟು ಬೆಲೆಗೆ, ಬಿಸಿ ಹೋಳಿಗೆಯಂತೆ ಮಾರಾಟವಾಯಿತು. ಈಗ ನಮ್ಮವರ ಮದುವೆಗಳಲ್ಲಿ ಅವನದೇ ದರಬಾರು. "ಆ ಜಾಗಾ ನೋಡಿದ ಕೂಡ್ಲೇ ನನಗ ಗೊತ್ತಾಗಿತ್ತು" ಎಂದು ಶುರುಮಾಡುತ್ತಾನೆ. ನೆಂಟರೆಲ್ಲ ಕುರ್ಚಿ ಹತ್ತಿರ ಎಳೆದುಕೊಂಡು, ಬಾಯಿ ತೆರೆದು ಕೇಳುತ್ತಾರೆ. ನನ್ನ ಹೆಂಡತಿಯೂ ಕೇಳುತ್ತಾಳೆ.