ಸರ್ವೆಗೆ ಬಂದವನು

ಸರ್ಜಾಪುರದ ಆಚೆ ಒಂದು ಹಳ್ಳಿಯ ಹಾಲಿನ ಡೇರಿ ಮುಂದೆ ಬೈಕ್ ನಿಲ್ಲಿಸಿ ನಾನು ಹೇಳಿದ್ದು ಇಷ್ಟೇ: “ಅಣ್ಣ, ಸರ್ವೆಗೆ ಬಂದಿದ್ದೀನಿ.” ರಾಜ್ಯಶಾಸ್ತ್ರದಲ್ಲಿ ಎಂ.ಎ. ಮುಗಿಸಿ, ಪ್ರಜಾಪ್ರಭುತ್ವದ ಬಗ್ಗೆ ಜನಾಭಿಪ್ರಾಯ ಕೇಳಲು ಹೊರಟಿದ್ದ ನನಗೆ, ಆ ಕಡೆ ಸರ್ವೆ ಎಂದರೆ ಜಮೀನು ಅಳೆಯುವುದು, ಅಳೆದ ಮೇಲೆ ಕಿತ್ತುಕೊಳ್ಳುವುದು ಎಂದು ಹೊಳೆಯಲೇ ಇಲ್ಲ. ಸಿಲಬಸ್ಸಿನಲ್ಲಿ ಅದು ಇರಲಿಲ್ಲ.

ಡೇರಿ ಜಗಲಿಯ ಮೇಲಿದ್ದವರೆಲ್ಲ ಎದ್ದರು. ಯಾರೋ ಬೈಕಿನ ಕೀ ಕಿತ್ತುಕೊಂಡರು. ಪಕ್ಕದಲ್ಲಿ ಬೇಲಿಕಂಬಕ್ಕೆ ಗುಂಡಿ ತೋಡುತ್ತಿದ್ದವನು ಹಾರೆ ಹಿಡಿದೇ ಬಂದ.

“ಯಾವ ಇಲಾಖೆನೋ ನಿಂದು?”

“ಇಲಾಖೆ ಅಲ್ಲಣ್ಣ, ರಾಜ್ಯಶಾಸ್ತ್ರ.”

“ರಾಜ್ಯ ಸರ್ಕಾರದೋನೇ ಕಣ್ರೋ!”

ಹಿಂದಿನಿಂದ ಒಬ್ಬ ಕಾಲರ್ ಹಿಡಿದ. ಜಮೀನಿಗೂ ನನಗೂ ಸಂಬಂಧವಿಲ್ಲ, ಬರೀ ಪ್ರಶ್ನೆ ಕೇಳುತ್ತೇನೆ ಎಂದು ತೊದಲುತ್ತಾ ಟ್ಯಾಬ್ ತೋರಿಸಿದೆ. ಹಾರೆಯವನು ಅದನ್ನು ಕಸಿದುಕೊಂಡು ಮೊದಲ ಪ್ರಶ್ನೆಯನ್ನು ಗಟ್ಟಿಯಾಗಿ ಓದಿದ: “ಸರ್ಕಾರದ ಮೇಲೆ ನಿಮಗೆ ಎಷ್ಟು ನಂಬಿಕೆ ಇದೆ?” ಆಮೇಲೆ ನನ್ನನ್ನೇ ದಿಟ್ಟಿಸಿದ. “ನಿಂಗೆಷ್ಟೈತೆ? ಮೊದ್ಲು ಅದ್ ಬೊಗಳು.”

ಇದೆ ಎಂದರೆ ಸರ್ಕಾರದವನು. ಇಲ್ಲ ಎಂದರೆ ಸುಳ್ಳುಗಾರ. ಹಾರೆಯ ತುದಿಗೆ ಹಸಿ ಮಣ್ಣು ಮೆತ್ತಿತ್ತು. ಅದನ್ನೇ ನೋಡುತ್ತಾ “ಗೊತ್ತಿಲ್ಲ” ಎಂದೆ.

ಅವನು ನಕ್ಕುಬಿಟ್ಟ. “ಬಿಡ್ರೋ ಅವನ್ನ. ಸರ್ಕಾರದೋನಾಗಿದ್ರೆ ಇಂಗ್ ನಡುಗ್ತಿದ್ನಾ? ನಮ್ಮನ್ನ ನಡುಗುಸ್ತಿದ್ದ.”

ಕೀ ವಾಪಸ್ ಬಂತು. ಟ್ಯಾಬ್ ಕೂಡ. ಎಷ್ಟು ಕಿಕ್ ಹೊಡೆದರೂ ಬೈಕ್ ಮಾತ್ರ ಸ್ಟಾರ್ಟ್ ಆಗಲಿಲ್ಲ, ಅವರೇ ತಳ್ಳಿಕೊಟ್ಟರು.

ಮುಂದಿನ ವಾರ ವೈಟ್‌ಫೀಲ್ಡಿನ ಎಸಿ ಸಭಾಂಗಣದಲ್ಲಿ ವಿಚಾರ ಸಂಕಿರಣ. ಸಮೀಕ್ಷೆಗಳಲ್ಲಿ “ಗೊತ್ತಿಲ್ಲ” ಎನ್ನುವವರನ್ನು ಏನು ಮಾಡಬೇಕು ಎಂಬುದು ನಮ್ಮ ಶಾಸ್ತ್ರದ ಮುಗಿಯದ ಜಗಳ. ಅವರಿಗೆ ರಾಜಕೀಯ ತಿಳಿಯದು, ಲೆಕ್ಕದಿಂದ ತೆಗೆಯಿರಿ ಎಂದು ಒಂದು ಬಣ. ಅಯ್ಯೋ, ಅದು ಮೌನ ಪ್ರತಿರೋಧ ಎಂದು ಇನ್ನೊಂದು. ಎರಡೂ ಬಣಗಳು ಗೋಡಂಬಿ ಬಿಸ್ಕತ್ತಿನ ವಿಷಯದಲ್ಲಿ ಮಾತ್ರ ಒಮ್ಮತದಿಂದಿದ್ದವು.

ನಾನು ಎದ್ದು, “ಕೆಲವರು ಹೆದರಿಕೊಂಡೂ ಹಾಗೆ ಹೇಳಬಹುದು ಸರ್” ಎಂದೆ.

ನನ್ನ ಪಿಎಚ್.ಡಿ. ಗೈಡ್ ಖುಷಿಯಾಗಿ ಇಡೀ ಕುರ್ಚಿ ತಿರುಗಿಸಿದರು. “ಸಕ್ಕತ್ ಪಾಯಿಂಟ್ ಕಣಯ್ಯಾ! ಅದೇ ಊರಿಗೆ ಇನ್ನೊಂದ್ಸಲ ಹೋಗ್ಬಾ, ಅದನ್ನೂ ಕೇಳ್ಕೊಂಡು ಬಾ.”

“ಆಗಲ್ಲ ಸರ್” ಎಂದೆ. ಹಾಲ್ ನಕ್ಕಿತು. ನಾನು ತಮಾಷೆ ಮಾಡಿರಲಿಲ್ಲ. ಈಗಲೂ ಸಿಗ್ನಲ್ಲಿನಲ್ಲಿ ನಿಂತಾಗ, ಹಲ್ಲುಜ್ಜುವಾಗ, ಹಾರೆಯವನಿಗೆ ಬೇರೆ ಬೇರೆ ಉತ್ತರ ಕೊಟ್ಟು ನೋಡುತ್ತಿರುತ್ತೇನೆ. ಎಲ್ಲದಕ್ಕೂ ಏಟು ಬೀಳುತ್ತದೆ.