ಬ್ಯಾರನ್ ಕಾವು ಮರೆತ ನಮ್ಮ ಯಜಮಾನರು

ಹೊಗೆಸೊಪ್ಪು ಹದ ಮಾಡುವ ಬ್ಯಾರನ್ ಮನೆಯ ಬಾಗಿಲು ತೆಗೆದರೆ ಒಳಗೆ ತೂಗುಹಾಕಿದ್ದ ಸೊಪ್ಪೆಲ್ಲ ಹಸಿರಾಗೇ ಒಣಗಿ ಹೋಗಿತ್ತು.

ಪಿರಿಯಾಪಟ್ಟಣದ ಕಡೆಯವರಿಗೆ ಗೊತ್ತು. ಮೊದಲು ಸಣ್ಣ ಕಾವಿನಲ್ಲಿ ಸೊಪ್ಪು ಹಳದಿಯಾಗಬೇಕು, ಆಮೇಲೆ ಮೆಲ್ಲಗೆ ಕಾವು ಏರಿಸಬೇಕು. ನಮ್ಮ ಯಜಮಾನರು ಮೊದಲ ದಿನವೇ ಒಲೆಗೆ ಸೌದೆ ತುಂಬಿ ಜೋರು ಉರಿ ಹಾಕಿದ್ದರು.

ಅದೂ ಯಾರು? ಊರವರೆಲ್ಲ ತಮ್ಮ ಬ್ಯಾರನ್ ನೋಡಿಕೊಡಿ ಅಂತ ಕರೆಯುತ್ತಿದ್ದ ಮನುಷ್ಯ. ವಯಸ್ಸು ನಲವತ್ತೇಳು.

"ಅಣ್ಣ ಕುಡಿಯೋದು ಕಲ್ತವ್ನೆ ಕಣತ್ಗೆ" ಅಂದ ಮೈದುನ. ನಾನೂ ನಂಬಿದೆ. ಬಾಯಿ ಮೂಸಿ ನೋಡಿದೆ, ರಂಪ ಮಾಡಿದೆ, ಒಂದು ವಾರ ಮಾತು ಬಿಟ್ಟೆ. ಈಗ ನೆನೆಸಿಕೊಂಡರೆ ನನಗೇ ನಾಚಿಕೆಯಾಗುತ್ತದೆ.

ಆಮೇಲೆ ಒಂದು ದಿನ ಹುಣಸೂರು ಬಸ್‌ಸ್ಟ್ಯಾಂಡಿನಲ್ಲಿ, ನಮ್ಮೂರಿಗೆ ಯಾವ ಬಸ್ಸು ಹತ್ತಬೇಕು ಅಂತ ನನ್ನನ್ನೇ ಕೇಳಿದರು. ಕೈ ಹಿಡಿದು ಬಸ್ಸು ಹತ್ತಿಸಿದೆ.

ಮೈಸೂರಿಗೆ ಕರೆದುಕೊಂಡು ಹೋದೆ. ಸ್ಕ್ಯಾನ್, ರಕ್ತ ಪರೀಕ್ಷೆ, ನೆನಪಿನ ಪರೀಕ್ಷೆ ಅಂತ ಮೂರು ಸಲ ಓಡಾಟ. ಕೊನೆಗೆ ಡಾಕ್ಟರ್ "ಡಿಮೆನ್ಷಿಯಾ, ಮರೆವಿನ ಕಾಯಿಲೆ" ಅಂದರು.

ಅದು ಮುದುಕರಿಗೆ ಬರುವುದಲ್ಲವಾ ಅಂತ ಜಗಳಕ್ಕೇ ನಿಂತೆ. ಅಪರೂಪಕ್ಕೆ ಈ ವಯಸ್ಸಿನಲ್ಲೂ ಬರುತ್ತದಂತೆ. ಪೂರ್ತಿ ವಾಸಿಯಾಗುವುದಿಲ್ಲವಂತೆ. ಉರಿ ಹತ್ತಿರ ಒಬ್ಬರನ್ನೇ ಬಿಡಬೇಡಿ ಅಂದರು.

ಊರಲ್ಲಿ ಯಾರಿಗೂ ಹೇಳಲಿಲ್ಲ. ತಲೆ ಕೆಟ್ಟಿದೆ ಅಂತ ಆಡಿಕೊಂಡರೆ? ಮನೆಯಲ್ಲಿ ಅವರು ಎದ್ದು ಹೊರಗೆ ಹೋದರೂ ಸಾಕು, ಕೈಲಿದ್ದ ಕೆಲಸ ಬಿಟ್ಟು ಹಿಂದೆಯೇ ಓಡುತ್ತೇನೆ.

ನಿನ್ನೆ ಬೆಳಿಗ್ಗೆ ಪಕ್ಕದ ಹೊಲದ ಸ್ವಾಮಿ ಬಂದ. "ಸೊಪ್ಪು ತುಂಬಿವ್ನಿ ಕಣಕ್ಕ, ಅಣ್ಣನ್ನ ಕಳ್ಸು, ಕಾವು ನೋಡ್ಲಿ."

ಇವರು ಆಗಲೇ ಚಪ್ಪಲಿ ಮೆಟ್ಟಿಕೊಂಡು ಅಂಗಳಕ್ಕೆ ಇಳಿದಿದ್ದರು. ಜ್ವರ ಅಂತ ಸುಳ್ಳು ಹೇಳೋಣ ಅಂದುಕೊಂಡೆ, ಬಾಯಿ ಬರಲಿಲ್ಲ. ಇವರ ಎದುರಿಗೇ ಎಲ್ಲ ಹೇಳಿಬಿಟ್ಟೆ.

ಸ್ವಾಮಿ ಇವರ ಹೆಗಲ ಮೇಲೆ ಕೈಯಿಟ್ಟ. ಆಮೇಲೆ, "ಬರ್ಲಿ ಬುಡಕ್ಕ. ನನ್ ಜೊತೆ ಕೂತಿರ್ಲಿ, ಉರಿ ನಾನ್ ನೋಡ್ಕತೀನಿ" ಅಂದ. ಅಷ್ಟು ಕೇಳಿ ನನಗೆ ಅಳು ತಡೆಯಲಾಗಲಿಲ್ಲ.

ಇವರು ನನ್ನ ಹತ್ತಿರ ಬಂದು ಮೆಲ್ಲಗೆ ಅಂದರು, "ನೀನೇ ಹೇಳ್ದಲ್ಲ, ಒಳ್ಳೇದಾಯ್ತು ಕಣೆ. ನಂಗೆ ಒಂದ್ ವರ್ಸದಿಂದ ಭಯ."

ಒಂದು ವರ್ಷ! ಒಂದೇ ಮನೆಯಲ್ಲಿದ್ದೂ ನನಗೆ ಗೊತ್ತಾಗಲಿಲ್ಲ.

ಇಂಥವರನ್ನು ನೋಡಿಕೊಳ್ಳುತ್ತಿರುವವರು ಯಾರಾದರೂ ಇದ್ದೀರಾ... ಅವರು "ಭಯ" ಅಂದಾಗ ನೀವು ಏನು ಹೇಳುತ್ತೀರಿ?