ಭಾನುವಾರದ ಬೀಗ

ನಮ್ಮ ಯಜಮಾನರು ಫಾಲನಿಕೊ ಹಟ ಹಿಡಿದರೆ ಬಿಡುವವರಲ್ಲ. ಸವಾಯಿ ದ್ವೀಪದ ಈ ಊರಿನಲ್ಲಿ ಹಿರಿಯರ ಸಭೆ ಕೂತರೆ ಎಲ್ಲರಿಗಿಂತ ಮೊದಲು ಬಾಯಿ ತೆರೆಯುವವರು ಇವರು, ಕಡೆಗೆ ಮುಚ್ಚುವವರೂ ಇವರೇ. ಭಾನುವಾರ ಯಾರೂ ಈಜಬಾರದು, ವಿಡಿಯೊ ನೋಡಬಾರದು ಎಂದು ಕಟ್ಟಳೆ ತಂದದ್ದು ಇವರ ಗಂಟಲೇ. ಪಕ್ಕದ ಮನೆಯ ಮಕೆರಿಟಾ ಆಕ್ಲೆಂಡಿನಲ್ಲಿ ಹುಟ್ಟಿದ ಮೊಮ್ಮಗುವನ್ನು ಭಾನುವಾರ ಫೋನಿನಲ್ಲಿ ನೋಡಿದಳೆಂದು ಒಂದು ಪೆಟ್ಟಿಗೆ ಮೀನಿನ ಡಬ್ಬಿ ದಂಡ ಹಾಕಿಸಿದರು. ಅಂದಿನಿಂದ ಅವಳು ನನ್ನ ಜೊತೆ ಮಾತಾಡುತ್ತಾಳೆ, ಇವರ ಜೊತೆ ಇಲ್ಲ.

ಇಂಥವರ ಮಗಳು ಸಿಯೆನಿಯ ಮದುವೆ ಪಾಗೊದಲ್ಲಿ ಗೊತ್ತಾಯಿತು, ಶನಿವಾರ ಮಧ್ಯಾಹ್ನಕ್ಕೆ. ಪಾಗೊ ಸಮುದ್ರದಾಚೆಯ ನೆರೆಯೂರೇ, ಆದರೆ ತಾರೀಖು ಬದಲಾಗುವ ದಿನದ ಗೆರೆಯ ಆ ಕಡೆಗಿದೆ. ಗಡಿಯಾರ ಒಂದೇ, ವಾರ ಬೇರೆ. ಅವರ ಶನಿವಾರ ನಮಗೆ ಭಾನುವಾರ. ಇವರ ಮಂಡಿ ಊದಿಕೊಂಡು ಪ್ರಯಾಣ ಆಗದಂತಾಯಿತು, ಇವರನ್ನು ಬಿಟ್ಟು ನಾನೂ ಹೋಗಲಿಲ್ಲ. ಲ್ಯಾಪ್‌ಟಾಪಿನಲ್ಲೇ ನೋಡುತ್ತೇನೆ ಎಂದರು. ಭಾನುವಾರ ಅಲ್ಲವೇ ಎಂದು ಕೇಳಿದ್ದಕ್ಕೆ, ಚರ್ಚಿನ ಮದುವೆ, ಅದೂ ಪ್ರಾರ್ಥನೆಯೇ ಎಂದರು. ಬೇಕಾದಾಗ ದೇವರೂ ಇವರ ಪಕ್ಷ!

ಆ ಭಾನುವಾರ ಚರ್ಚಿನಿಂದ ಬಂದು, ಕೆಸುವಿನ ಗೆಡ್ಡೆ, ಹಂದಿಮಾಂಸ ಉಂಡು, ಬಿಳಿ ಅಂಗಿಯಲ್ಲೇ ಲ್ಯಾಪ್‌ಟಾಪಿನ ಮುಂದೆ ಕೂತರು. ಸಿಯೆನಿ ಕಳಿಸಿದ ವಿಡಿಯೊ ಕರೆಯ ಕೊಂಡಿ ಒತ್ತಿದರೆ, ಈ ಪುಟವನ್ನು ನಿಮ್ಮ ಸಂಸ್ಥೆ ತಡೆಹಿಡಿದಿದೆ ಎಂದು ಬಂತು.

"ಯಾವ ಸಂಸ್ಥೆ? ನನ್ನ ಮನೇಲಿ ನನಗೆ ಹೇಳೋ ಸಂಸ್ಥೆ ಯಾವುದು?"

ಆರಿಸಿ ಹಚ್ಚಿದರು. ಸೆಟ್ಟಿಂಗ್ ತೆರೆದರೆ ಎಲ್ಲ ಗುಂಡಿಗಳೂ ಬೂದುಬಣ್ಣ, ಒತ್ತಿದರೆ ಅಲ್ಲಾಡುವುದಿಲ್ಲ. ಬೇರೆ ಬ್ರೌಸರ್ ಹಾಕಲು ಹೋದರೆ ಅದಕ್ಕೂ ಅನುಮತಿ ಇಲ್ಲ. ವೈರಸ್ ಎಂದರು, ಟವರ್ ಸರಿಯಿಲ್ಲ ಎಂದರು. ಕಡೆಗೆ ನಾನು ಒದ್ದೆ ಬಟ್ಟೆಯಲ್ಲಿ ಒರೆಸಿದ್ದೇ ತಪ್ಪಾಯಿತು. ಮನೆಯಲ್ಲಿದ್ದ ಒಂದೇ ಫೋನನ್ನು ಮೀನು ಹಿಡಿಯಲು ಒಯ್ದು ಸಮುದ್ರಕ್ಕೆ ಹಾಕಿದ ಮನುಷ್ಯ ನನಗೆ ಬುದ್ಧಿ ಹೇಳುವುದೇ? ಮೈ ಉರಿದುಹೋಯಿತು.

ಶಾಲೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಮೇಷ್ಟ್ರು ಪೆಲೆನಾಟೊ ದಾರಿಯಲ್ಲಿ ಹೋಗುತ್ತಿದ್ದ. ಕೂಗಿ ಕರೆದೆ. ಅವನು ಪರದೆ ನೋಡಿ ತಲೆ ಕೆರೆದುಕೊಂಡ.

"ಯಜಮಾನ್ರೇ, ಇದು ಶಾಲೆ ಲ್ಯಾಪ್‌ಟಾಪು. ಶಾಲಾ ಸಮಿತಿ ಅಧ್ಯಕ್ಷರು ಅಂತ ನಿಮಗೆ ಕೊಟ್ಟಿದ್ದು. ಶಾಲೆ ಕಂಪ್ಯೂಟರೆಲ್ಲ ಭಾನುವಾರ ಬೀಗ ಹಾಕು ಅಂತ ಸಭೇಲಿ ಹೇಳಿದವರು ನೀವೇ. ಎಲ್ಲಿಗೆ ಒಯ್ದರೂ ಬೀಗ ಇದರ ಜೊತೆನೇ ಇರತ್ತೆ. ಹೂಂ ಅನ್ನಿ, ಈಗ್ಲೇ ತೆಗೀತೀನಿ."

ಇವರು ಲ್ಯಾಪ್‌ಟಾಪಿನಿಂದ ಕೈ ತೆಗೆದರು. "ಬೇಡ," ಎಂದರು. "ಊರಿಗೆಲ್ಲ ಹಾಕಿದ್ದನ್ನ ನನಗೊಬ್ಬನಿಗೆ ತೆಗೀಬೇಡ."

"ನಿಮ್ಮ ಹಟಕ್ಕೆ ನಾನ್ಯಾಕೆ ಮಗಳ ಮದುವೆ ಕಳ್ಕೊಳ್ಳಲಿ ಮಾರಾಯ್ರೇ?" ಎಂದು ಕೊಂಡಿಯ ವಿಳಾಸ ಚೀಟಿಯಲ್ಲಿ ಗೀಚಿಕೊಂಡು ಮಕೆರಿಟಾಳ ಮನೆಗೆ ನಡೆದೆ. ಅವಳು ಚೀಟಿ ತೆಗೆದುಕೊಂಡು ತನ್ನ ಫೋನಿನಲ್ಲಿ ಹಚ್ಚಿಕೊಟ್ಟಳು. ಸಿಯೆನಿ ಆಗಲೇ ಉಂಗುರ ತೊಡುತ್ತಿದ್ದಳು. ನನಗೆ ಅಳು ತಡೆಯಲಾಗಲಿಲ್ಲ.

ಸ್ವಲ್ಪ ಹೊತ್ತಿಗೆ ಕುಂಟುವ ಹೆಜ್ಜೆ ಕೇಳಿಸಿತು. ಇವರು ಬಂದು ಚಾಪೆಯ ಅಂಚಿನಲ್ಲಿ, ನಮ್ಮಿಂದ ದೂರ, ಕೂತರು. ಮಕೆರಿಟಾಳೇ ಫೋನನ್ನು ಅವರ ಕಡೆ ತಿರುಗಿಸಿದಳು.

"ಒಂದು ಪೆಟ್ಟಿಗೆ ಮೀನು, ಯಜಮಾನ್ರೇ," ಎಂದಳು. ಎಷ್ಟೋ ತಿಂಗಳ ಮೇಲೆ ಅವರೊಡನೆ ಆಡಿದ ಮೊದಲ ಮಾತು ಅದು.

"ನಾಳೆ ನಾನೇ ಸಭೆಗೆ ಕೊಡ್ತೀನಿ. ನಿನ್ನ ಪಾಲಿಂದೂ ನಂದೇ," ಎಂದರು.

ಅಷ್ಟರಲ್ಲಿ ಸಿಯೆನಿ ಪರದೆಯ ಹತ್ತಿರ ಬಗ್ಗಿದಳು. "ಅಪ್ಪಾ? ನೀವಾ? ಅಲ್ಲಿ ಭಾನುವಾರ ಅಲ್ವಾ?"

ಊರಿಗೆಲ್ಲ ಕೇಳಿಸುವ ಆ ಗಂಟಲು ಅದೇ ಚಾಪೆಯ ಮೇಲಿದ್ದ ನನಗೇ ಸರಿಯಾಗಿ ಕೇಳಿಸಲಿಲ್ಲ.

"ಇಲ್ಲ ಮಗಳೇ," ಎಂದರು. "ನನಗೂ ಇವತ್ತು ಶನಿವಾರ."